ಹದ್ದಿನ ಲೆಕ್ಕ ಔಷಧದಂಗಡಿಯಲ್ಲಿ

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ವಿಸ್ತೀರ್ಣ ಸುಮಾರು 346 ಹೆಕ್ಟೇರ್, ಅಂದರೆ ಮೂರೂವರೆ ಚದರ ಕಿಲೋಮೀಟರ್‌. ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದಿಗೆ ಹೇಳಿ ಮಾಡಿಸಿದಂಥ ಜಾಗ. ಗೂಡೇನೋ ಬೆಟ್ಟದಲ್ಲಿದೆ, ಊಟ ಎಲ್ಲಿದೆ? ರಣಹದ್ದುಗಳಿಗೆ ಸುರಕ್ಷಿತ ವಲಯ ಗುರುತಿಸುವವರು ಗೂಡುಗಳ ಸುತ್ತ 100 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯುತ್ತಾರೆ. ರಾಮನಗರದಿಂದ ಹಾಗೆ ಎಳೆದರೆ ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರು, ಗಡಿಯಾಚೆಯ ಹೊಸೂರು ಎಲ್ಲವೂ ಒಳಗೆ ಬೀಳುತ್ತವೆ. 30,000 ಚದರ ಕಿಲೋಮೀಟರ್‌ಗೂ ಹೆಚ್ಚು ನೆಲ. ಆ ನೆಲದಲ್ಲಿ ಎಲ್ಲಿ ಸತ್ತ ದನ ಸಿಕ್ಕರೂ ಹದ್ದಿಗೆ ಅದೇ ಊಟ.

ಸಂರಕ್ಷಣಾ ತಂಡಗಳ ಯೋಜನೆ ಎಡವುವುದು ಹೆಚ್ಚಾಗಿ ಈ ಎರಡು ಅಳತೆಗಳ ನಡುವೆ. ಬೆಟ್ಟ ಕಣ್ಣಿಗೆ ಕಾಣುತ್ತದೆ, ಬೇಲಿ ಹಾಕಬಹುದು, ಫಲಕ ನೆಡಬಹುದು, ಶಾಲಾ ಮಕ್ಕಳನ್ನು ಕರೆದೊಯ್ಯಬಹುದು. ವರ್ಷದ ಕೊನೆಗೆ ವರದಿಯೂ ದಪ್ಪಗಾಗುತ್ತದೆ. ಇದೆಲ್ಲ ಕೆಲಸಗಳ ಪಟ್ಟಿಯಷ್ಟೆ. ‘ಇದು ಮಾಡಿದರೆ ಅದು ಆಗುತ್ತದೆ, ಏಕೆಂದರೆ...’ ಎಂದು ಒಂದೊಂದೇ ಕೊಂಡಿ ಪೋಣಿಸಿದಾಗ, ಆ ‘ಏಕೆಂದರೆ’ಯನ್ನು ಯಾರಾದರೂ ಪರೀಕ್ಷಿಸಿ ತಪ್ಪೆಂದು ತೋರಿಸಲು ಸಾಧ್ಯವಾದಾಗ, ಪಟ್ಟಿ ಯೋಜನೆಯಾಗುತ್ತದೆ.

ಹೀಗೆ ಪೋಣಿಸುವುದಕ್ಕೆ ಜಗತ್ತಿನ ಹಲವು ವನ್ಯಜೀವಿ ಸಂಸ್ಥೆಗಳು ಸೇರಿ 2004ರಲ್ಲಿ ಒಂದು ಮಾರ್ಗಸೂಚಿ ತಂದವು. ‘ಓಪನ್ ಸ್ಟ್ಯಾಂಡರ್ಡ್ಸ್’ ಎಂದು ಅದರ ಹೆಸರು. ಯಾರು ಬೇಕಾದರೂ ಬಳಸಬಹುದು. ಜೊತೆಗೊಂದು ತಂತ್ರಾಂಶವೂ ಇದೆ, ‘ಮಿರಾಡಿ’. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಯೋಜನೆಗಳು ಎಂದೇ ಅರ್ಥವಂತೆ. ತಂತ್ರಾಂಶ ಇಲ್ಲದಿದ್ದರೂ ನಡೆಯುತ್ತದೆ. ಗೋಡೆಗೆ ಅಂಟಿಸಿದ ದೊಡ್ಡ ಹಾಳೆ, ಬಣ್ಣದ ಚೀಟಿಗಳು ಸಾಕು. ಬಲತುದಿಯಲ್ಲಿ ಏನನ್ನು ಉಳಿಸಬೇಕು ಎಂಬ ಚೀಟಿ. ಅದರ ಎಡಕ್ಕೆ ಅದನ್ನು ನೇರವಾಗಿ ಕೊಲ್ಲುತ್ತಿರುವ ಬೆದರಿಕೆ. ಇನ್ನೂ ಎಡಕ್ಕೆ ಆ ಬೆದರಿಕೆಯ ಹಿಂದಿರುವ ಜನ, ದುಡ್ಡು, ಕಾನೂನು, ರೂಢಿ. ನಾವು ಎಲ್ಲಿ ಕೈ ಹಾಕಬೇಕು ಎಂಬ ಪ್ರಶ್ನೆ ಕೊನೆಗೆ ಬರಬೇಕು. ನಮ್ಮಲ್ಲಿ ಬಹುಪಾಲು ಸಭೆಗಳು ಶುರುವಾಗುವುದೇ ಅದರಿಂದ.

ಹಾಳೆಯ ಮೇಲೆ ರಣಹದ್ದನ್ನೇ ಇಟ್ಟು ನೋಡೋಣ. ತೊಂಬತ್ತರ ದಶಕದ ಕೊನೆಗೆ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹದ್ದುಗಳು ಕತ್ತು ಜೋಲು ಹಾಕಿ ಕೂರುವುದನ್ನು, ಮರದಿಂದ ಸತ್ತು ಬೀಳುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ದಾಖಲಿಸಿದರು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ 999 ಇಲ್ಲವಾದವು. ಮೊದಲು ಬಲವಾಗಿದ್ದ ಗುಮಾನಿ ಸಾಂಕ್ರಾಮಿಕ ರೋಗದ ಮೇಲೆ. ಆಗಲೇ ಯೋಜನೆಯನ್ನು ಕಲ್ಲಿನಲ್ಲಿ ಕೆತ್ತಿಬಿಟ್ಟಿದ್ದರೆ ನಾವು ಇಂದಿಗೂ ವೈರಸ್ ಹುಡುಕುತ್ತಿರುತ್ತಿದ್ದೆವೋ ಏನೋ. ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ದನಗಳ ನೋವುನಿವಾರಕ ಡೈಕ್ಲೋಫೆನಾಕ್ ಕಡೆ ಬೊಟ್ಟು ಮಾಡಿತು. ಚುಚ್ಚುಮದ್ದು ಹಾಕಿಸಿಕೊಂಡು ಸ್ವಲ್ಪದರಲ್ಲೇ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಈ ಔಷಧ ಇದ್ದರೂ ಅಷ್ಟು ದೊಡ್ಡ ಕುಸಿತಕ್ಕೆ ಸಾಕು ಎಂದು ಲೆಕ್ಕಾಚಾರಗಳು ತೋರಿಸಿದವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಆ ನಷ್ಟ ತುಂಬಿಕೊಳ್ಳಲು ಪುರುಸೊತ್ತಿಲ್ಲ.

ಈಗ ಹಾಳೆಯ ಎಡಭಾಗ. ಹಸು ಕುಂಟುತ್ತಿದೆ, ರೈತನಿಗೆ ನಾಳೆ ಬೆಳಿಗ್ಗೆ ಹಾಲು ಡೇರಿಗೆ ಹಾಕಬೇಕು. ಡೈಕ್ಲೋಫೆನಾಕ್ ಅಗ್ಗ, ಕೆಲಸವೂ ಬೇಗ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ‘ರೈತರಲ್ಲಿ ಜಾಗೃತಿ ಮೂಡಿಸುವುದು’ ಎಂದು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಬದಲಿ ಔಷಧ ಕೊಡದೆ ಜಾಗೃತಿ ಮೂಡಿಸಿದರೆ ಅದು ಬರೀ ಬುದ್ಧಿವಾದ. ಮೆಲಾಕ್ಸಿಕಾಮ್ ಹದ್ದುಗಳಿಗೆ ಸುರಕ್ಷಿತ ಎಂದು 2006ರ ಹೊತ್ತಿಗೆ ಪರೀಕ್ಷೆಗಳಿಂದ ಗೊತ್ತಾಯಿತು. ಅದೇ ವರ್ಷ ಭಾರತ ಪಶುಚಿಕಿತ್ಸೆಯಲ್ಲಿ ಡೈಕ್ಲೋಫೆನಾಕ್ ನಿಷೇಧಿಸಿತು. ಕೊಂಡಿ ಸರಳವಾಗಿ ಕಂಡಿತು: ನಿಷೇಧವಾದರೆ ಮಾರಾಟ ನಿಲ್ಲುತ್ತದೆ, ಹೆಣ ಶುದ್ಧವಾಗುತ್ತದೆ, ಹದ್ದು ಬದುಕುತ್ತದೆ.

ಮೊದಲ ಕೊಂಡಿಯೇ ಸಡಿಲವಾಗಿತ್ತು. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ 30 ಮಿಲಿಲೀಟರ್ ಬಾಟಲಿಯಲ್ಲೂ ಬರುತ್ತಿತ್ತು. ಆಳಿಗೆ ಒಂದು ಸಲಕ್ಕೆ 3 ಮಿಲಿಲೀಟರ್ ಸಾಕು; 30 ಯಾರಿಗೆ ಎಂಬುದು ಅಂಗಡಿಯವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಇದನ್ನು ಹಿಡಿದದ್ದು ಹದ್ದು ಎಣಿಸಿದವರಲ್ಲ, ದನಗಳ ಹೆಣದಿಂದ ಪಿತ್ತಜನಕಾಂಗದ ಚೂರು ತೆಗೆದು ಪರೀಕ್ಷಿಸಿದವರು, ಗಿರಾಕಿಗಳ ವೇಷದಲ್ಲಿ ಔಷಧದಂಗಡಿಗೆ ಹೋಗಿ ‘ಹಸುವಿಗೆ ನೋವಿನ ಔಷಧ ಕೊಡಿ’ ಎಂದು ಕೇಳಿದವರು. ಒಂದು ಡೋಸ್‌ಗಿಂತ ದೊಡ್ಡ ಬಾಟಲಿಗೆ 2015ರಲ್ಲಿ ನಿಷೇಧ ಬಂತು. ಆಮೇಲೆ ಅದರ ಜಾಗಕ್ಕೆ ಬೇರೆ ಔಷಧಗಳು ಬಂದವು. ಅವುಗಳಲ್ಲಿ ಅಸಿಕ್ಲೋಫೆನಾಕ್ ಹಸುವಿನ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೊಪ್ರೊಫೆನ್ ಅನ್ನೂ ಪಶುಗಳಿಗೆ ಬಳಸದಂತೆ 2023ರಲ್ಲಿ ತಡೆದರು. ಒಂದೇ ಒಂದು ಕೊಂಡಿ ಬಿಗಿಮಾಡಲು ಹದಿನೇಳು ವರ್ಷ.

ಹಾಗಾಗಿ ಯೋಜನೆ ಬರೆಯುವಾಗ ನಾನು ಹೆಚ್ಚು ಹೊತ್ತು ಕೂರುವುದು ಸೂಚಕಗಳ ಮೇಲೆ. ಏನನ್ನು ಅಳೆದರೆ ನಮ್ಮ ಕೊಂಡಿ ಗಟ್ಟಿಯೋ ಟೊಳ್ಳೋ ಗೊತ್ತಾಗುತ್ತದೆ? ಹದ್ದಿನ ಎಣಿಕೆ ಬೇಕು, ನಿಜ. ಆದರೆ ರಣಹದ್ದು ಮರಿ ಮಾಡುವ ವಯಸ್ಸಿಗೆ ಬರಲು ಸುಮಾರು ಐದು ವರ್ಷ ಹಿಡಿಯುತ್ತದೆ. ಇಂದಿನ ಕೆಲಸದ ಫಲ ಎಣಿಕೆಯಲ್ಲಿ ಕಾಣುವಷ್ಟರಲ್ಲಿ ಅನುದಾನ ಮುಗಿದು, ತಂಡ ಚದುರಿ, ಕಡತ ಬೀರು ಸೇರಿರುತ್ತದೆ. ಬೇಗ ಬದಲಾಗುವ ಸೂಚಕ ಅಂಗಡಿಯಲ್ಲಿದೆ. ಉದಾಹರಣೆಗೆ ಉದ್ದೇಶವನ್ನು ಹೀಗೆ ಬರೆಯಬಹುದು: ‘ಮೂರು ವರ್ಷದೊಳಗೆ ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ ತಾಲ್ಲೂಕುಗಳಲ್ಲಿ ಗುಟ್ಟಾಗಿ ವಿಚಾರಿಸಿದ ಯಾವ ಅಂಗಡಿಯೂ ದನಕ್ಕೆಂದು ಡೈಕ್ಲೋಫೆನಾಕ್ ಕೊಡಬಾರದು.’ ಎಲ್ಲಿ, ಎಷ್ಟು, ಯಾವಾಗ ಎಲ್ಲ ಇದೆ. ಸೋತರೆ ಸೋತೆವೆಂದು ಗೊತ್ತಾಗುತ್ತದೆ. ‘ಇಪ್ಪತ್ತು ಜಾಗೃತಿ ಶಿಬಿರ’ ಎಂಬ ಉದ್ದೇಶಕ್ಕೆ ಈ ಧೈರ್ಯವಿಲ್ಲ. ಶಿಬಿರ ನಡೆಸಿದರೆ ಅದು ಗೆದ್ದೇಬಿಟ್ಟಿತು.

ಎಲ್ಲವನ್ನೂ ಎಡತುದಿಯಿಂದ ಸರಿಪಡಿಸುವವರೆಗೆ ಹದ್ದು ಕಾಯುವುದಿಲ್ಲ ಎಂಬುದೂ ಲೆಕ್ಕದಲ್ಲಿರಬೇಕು. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಪಂಜರದಲ್ಲಿಟ್ಟು ಮರಿ ಮಾಡಿಸುವ ಕೇಂದ್ರ ಇದೇ ಕಾರಣಕ್ಕೆ ಎದ್ದಿತು. ಅದು ಸಮಯ ಕೊಂಡುಕೊಳ್ಳುವ ಉಪಾಯ. ಹೊರಗಿನ ಹೆಣ ವಿಷವಾಗಿರುವತನಕ ಬಿಟ್ಟ ಹಕ್ಕಿಯೂ ಸಾಯುತ್ತದೆ. ಎರಡೂ ಕೆಲಸ ಒಂದೇ ಹಾಳೆಯಲ್ಲಿದ್ದರೆ ಯಾವುದು ಯಾವುದಕ್ಕೆ ಕಾಯಬೇಕು ಎಂಬುದು ಸ್ಪಷ್ಟವಾಗುತ್ತದೆ, ದುಡ್ಡಿನ ಜಗಳವೂ ಸ್ವಲ್ಪ ತಗ್ಗುತ್ತದೆ.

ವೇಳಾಪಟ್ಟಿ, ಆಯವ್ಯಯ, ಜವಾಬ್ದಾರಿ ಹಂಚಿಕೆ ಎಲ್ಲ ಬೇರೆ ಯಾವುದೇ ಕೆಲಸದಂತೆಯೇ. ಒಂದು ಪುಟ ಮಾತ್ರ ಬೇರೆಯದಾಗಿ ಇಡಿ. ‘ನಾವು ಹೀಗೆಂದು ನಂಬಿದ್ದೇವೆ, ಇದು ಸುಳ್ಳಾಗಬಹುದು’ ಎಂಬ ಊಹೆಗಳ ಪುಟ. ವರ್ಷಕ್ಕೊಮ್ಮೆ ತಂಡ ಕೂತಾಗ ಮೊದಲು ಬಿಚ್ಚಬೇಕಾದದ್ದು ಅದನ್ನೇ. ರಾಮನಗರದ ಹಾಳೆಯಲ್ಲಿ ನಾನಾಗಿದ್ದರೆ ಇದನ್ನು ಬರೆಯುತ್ತಿದ್ದೆ: ಹದ್ದಿಗೆ ಸಿಗುವಷ್ಟು ಸತ್ತ ದನ ಈ ಸೀಮೆಯಲ್ಲಿ ಇನ್ನೂ ಬಯಲಿಗೆ ಬೀಳುತ್ತಿದೆಯೇ, ಇಲ್ಲ ಎಲ್ಲ ಮಣ್ಣು ಸೇರುತ್ತಿದೆಯೇ? ಎರಡನೆಯದು ನಿಜವಾದರೆ ಅಂಗಡಿಗಳೆಲ್ಲ ಗೆದ್ದರೂ ಹದ್ದು ಹಸಿದಿರುತ್ತದೆ.

ಆ ಸಭೆಗೆ ಅರಣ್ಯ ಇಲಾಖೆಯವರು, ಪಕ್ಷಿವೀಕ್ಷಕರು ಹೇಗೂ ಬರುತ್ತಾರೆ. ಪಶುವೈದ್ಯರಿಗೆ, ಹಾಲಿನ ಸಂಘದ ಕಾರ್ಯದರ್ಶಿಗೆ, ಬಸ್‌ಸ್ಟ್ಯಾಂಡ್ ಎದುರಿನ ಔಷಧದಂಗಡಿಯವರಿಗೆ ಮಾತ್ರ ಖುದ್ದಾಗಿ ಹೋಗಿ ಹೇಳಿಬರಬೇಕು. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಅದು ಅವರ ವ್ಯಾಪಾರದ ಹೊತ್ತು.