ಗಾಡಿ ನಿಂತಿದೆ, ಈಗ ಯಾರ ಪಾಳಿ?

ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲದಿಂದ ಎಂ.ಕೆ. ಹುಬ್ಬಳ್ಳಿ ಕಡೆಗೆ ರಾತ್ರಿ ಹೊತ್ತು ಗಾಡಿ ಓಡಿಸಿದವರಿಗೆ ಆ ರಸ್ತೆಯ ಭಯ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಹೋಗುತ್ತಿರುತ್ತದೆ. ಹಿಂದೆ ಕೆಂಪು ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಕೆಸರು ಮೆತ್ತಿರುತ್ತದೆ. ಜನವರಿಯ ಒಂದು ರಾತ್ರಿ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಅಂಥದೊಂದು ಟ್ರೇಲರಿಗೆ ಹಿಂದಿನಿಂದ ಗುದ್ದಿದರು. ಯಾರಿಗೂ ಏನೂ ಆಗಲಿಲ್ಲ. ಬಂಪರ್, ಬಾನೆಟ್, ಎಡಗಡೆಯ ಹೆಡ್‌ಲೈಟ್, ಅದರ ಹಿಂದಿನ ಒಂದಿಷ್ಟು ಪತ್ರಾ ಹೋಯಿತು. ಹಳೆಯ ಪೆಟ್ರೋಲ್ ಗಾಡಿಯಾಗಿದ್ದರೆ ಹದಿನೈದು ದಿನದ ಕೆಲಸ. ಆದರೆ ಇದು ಕರೆಂಟಿನ ಗಾಡಿ, ಕಂಪನಿಯೂ ಹೊಸದು. ಯುಗಾದಿ ಕಳೆದ ಮೇಲೆ ಮನೆಗೆ ಬಂತು. ಒಟ್ಟು 74 ದಿನ.

ಆ ದಿನಗಳನ್ನೆಲ್ಲ ನಾನು ಡೈರಿಯಲ್ಲಿ ಬರೆದಿಟ್ಟೆ. ಗಾಡಿಗೆ ನಿಜವಾಗಿ ಕೈ ಹಚ್ಚಿದ್ದು 9 ದಿನ. ಉಳಿದ 65 ದಿನ ಅದು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಪಾರ್ಟ್ ಬಂದಿಲ್ರೀ ಸರ, ಬಂದ ಕೂಡಲೆ ನಾವ ಫೋನ್ ಮಾಡತೇವ್ರಿ." ಆಮೇಲೆ ತಿಳಿಯಿತು, ಎಲ್ಲ ದಿನವೂ ಪಾರ್ಟಿಗಾಗಿ ಕಾದದ್ದಲ್ಲ. ಒಮ್ಮೆ ಸರ್ವೇಯರನಿಗೆ, ಒಮ್ಮೆ ವಿಮಾ ಕಂಪನಿಯ ಒಪ್ಪಿಗೆಗೆ, ಒಮ್ಮೆ ಬ್ಯಾಟರಿ ನೋಡಬೇಕಾದ ತಂತ್ರಜ್ಞನಿಗೆ ಕಾದಿತ್ತು. ಮಲಪ್ರಭಾ ಕಾಲುವೆಯ ನೀರಿಗೆ ಪಾಳಿ ಇದ್ದಂತೆ ಇಲ್ಲಿಯೂ ಪಾಳಿ ಇದೆ. ಇವತ್ತು ಯಾರ ಪಾಳಿ ಎಂದು ಗೊತ್ತಿಲ್ಲದವನ ಹೊಲ ಒಣಗುತ್ತದೆ. ಆದ್ದರಿಂದ "ಗಾಡಿ ಯಾವಾಗ ಸಿಗತದ?" ಎನ್ನುವುದಕ್ಕಿಂತ "ಈಗ ಯಾರ ಹತ್ತಿರ ನಿಂತದ?" ಎಂದು ಕೇಳುವುದು ಮೇಲು.

ಮೊದಲ ಪಾಳಿ ಗಾಡಿ ಎತ್ತುವವನದು. ವಿದ್ಯುತ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬಾರದು, ಮುಂದಿನ ಗಾಲಿ ಎತ್ತಿ ಹಿಂದಿನ ಗಾಲಿ ಉರುಳಿಸುತ್ತ ಒಯ್ಯಲೂಬಾರದು. ಗಾಲಿ ತಿರುಗಿದರೆ ಮೋಟಾರೂ ತಿರುಗುತ್ತದೆ, ತಿರುಗುವ ಮೋಟಾರು ವಿದ್ಯುತ್ ಹುಟ್ಟಿಸುತ್ತದೆ. ನಾಲ್ಕೂ ಗಾಲಿ ಮೇಲೆ ಕೂರುವ ಸಪಾಟು ಟ್ರಕ್ಕೇ ಬೇಕು. ಕಿತ್ತೂರು ಹೆದ್ದಾರಿಯ ಮೇಲಿದೆ, ಧಾರವಾಡದಿಂದಲೋ ಬೆಳಗಾವಿಯಿಂದಲೋ ಟ್ರಕ್ಕು ಬೇಗ ಬರುತ್ತದೆ. ಸವದತ್ತಿಯವರಿಗೆ ಬೆಳಗಾವಿಗಿಂತ ಧಾರವಾಡವೇ ಹತ್ತಿರ. ಕಷ್ಟ ರಾಮದುರ್ಗದವರಿಗೆ, ಅಲ್ಲಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರು. ಸಾಮಾನ್ಯ ಕಾರ್ ಪಾಲಿಸಿಯಲ್ಲಿ ಗಾಡಿ ಎತ್ತಿ ಒಯ್ಯಲು ಸಿಗುವುದು ₹1,500 ಮಾತ್ರ. ರಸ್ತೆ ಸಹಾಯದ ಆಡ್-ಆನ್ ತೆಗೆದುಕೊಂಡಿದ್ದರೆ ಎಷ್ಟು ಕಿಲೋಮೀಟರಿನವರೆಗೆ ಎಂದು ಇವತ್ತೇ ತೆಗೆದು ಓದಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಬ್ಯಾಟರಿಗೆ ಏಟು ಬಿದ್ದಿದ್ದರೆ ಬೆಂಕಿ ಕೂಡಲೇ ಹತ್ತಬೇಕೆಂದಿಲ್ಲ, ತಾಸುಗಳ ನಂತರವೋ ದಿನಗಳ ನಂತರವೋ ಹತ್ತಬಹುದು. ಅಮೆರಿಕದ ಸುರಕ್ಷತಾ ಮಾರ್ಗಸೂಚಿ ಇಂಥ ಗಾಡಿಯನ್ನು ಕಟ್ಟಡ ಮತ್ತು ಬೇರೆ ವಾಹನಗಳಿಂದ 50 ಅಡಿ ದೂರ ನಿಲ್ಲಿಸಲು ಹೇಳುತ್ತದೆ. ರಾತ್ರಿ ಟ್ರಕ್ಕು ಸಿಗಲಿಲ್ಲವೆಂದು ಮನೆಯ ಪಡಸಾಲೆಗೋ ದನದ ಕೊಟ್ಟಿಗೆಯ ಪಕ್ಕಕ್ಕೋ ಮೇವಿನ ಬಣವಿಯ ಹತ್ತಿರಕ್ಕೋ ತಂದು ನಿಲ್ಲಿಸಬೇಡಿ. ಚಾರ್ಜಿಗೂ ಹಾಕಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೊರಗೆ ಕಂಡರೆ ಯಾರೂ ಮುಟ್ಟಬಾರದು. ಅದರಲ್ಲಿ ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಇರುತ್ತದೆ.

ಎರಡನೆಯ ಪಾಳಿ ವಿಮೆಯದು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರನನ್ನು ನೇಮಿಸಬೇಕು, ಅವನು 15 ದಿನದೊಳಗೆ ವರದಿ ಕೊಡಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ಮೂರು ಅಂಕಿ ಬಾಯಿಪಾಠ ಇರಲಿ. ಕ್ಲೇಮನ್ನು ಫೋನಿನಲ್ಲಿ ಹೇಳಿ ಬಿಡದೆ ಇ-ಮೇಲಿನಲ್ಲಿಯೂ ಕಳಿಸಿ, ಏಕೆಂದರೆ ಗಡಿಯಾರ ಯಾವಾಗ ಶುರುವಾಯಿತೆಂದು ತೋರಿಸಲು ನಿಮ್ಮ ಹತ್ತಿರ ಕಾಗದ ಇರಬೇಕು.

ಆದರೂ ದಿನಗಳು ಸೋರುವ ಒಂದು ತೂತು ಇಲ್ಲಿದೆ. ಸರ್ವೇಯರ್ ಬಂದು ಹೊರಗಿನಿಂದ ನೋಡುತ್ತಾನೆ. ಮೇಲಿನ ಹಾನಿಗೆ ಎಸ್ಟಿಮೇಟ್ ಆಗುತ್ತದೆ, ಒಪ್ಪಿಗೆ ಬರುತ್ತದೆ, ಗ್ಯಾರೇಜಿನವರು ಬಿಚ್ಚುತ್ತಾರೆ. ಒಳಗೆ ಒಂದು ಕೂಲಂಟ್ ಪೈಪ್ ಸೀಳಿರುತ್ತದೆ, ಒಂದು ರಡಾರ್ ಬ್ರ್ಯಾಕೆಟ್ ಬಗ್ಗಿರುತ್ತದೆ. ಮತ್ತೆ ಪೂರಕ ಎಸ್ಟಿಮೇಟ್, ಮತ್ತೆ ಸರ್ವೇಯರ್, ಮತ್ತೆ ಒಪ್ಪಿಗೆ, ಮತ್ತೆ ಪಾರ್ಟಿನ ಆರ್ಡರ್. ನಮ್ಮ ಮಾಮಾನ ಗಾಡಿ ಈ ಸುತ್ತನ್ನು ಮೂರು ಸಲ ಸುತ್ತಿತು. ಹೊಸ ಕಂಪನಿಯ ಗಾಡಿಯಲ್ಲಿ ಎರಡನೆಯ ಆರ್ಡರ್ ಎಂದರೆ ಕಾಯುವ ಸರದಿಯ ಕೊನೆಗೆ ಹೋಗಿ ಮತ್ತೆ ನಿಂತಂತೆ. ಆದ್ದರಿಂದ ಮೊದಲ ದಿನವೇ ಸರ್ವೇಯರ್ ಮತ್ತು ಗ್ಯಾರೇಜ್ ಸೂಪರ್ವೈಸರ್ ಇಬ್ಬರನ್ನೂ ಕೂಡಿಸಿ, ಅವರೆದುರಿಗೇ ಮುಂಭಾಗ ಪೂರ್ತಿ ಬಿಚ್ಚಿಸಿ, ಒಂದೇ ಎಸ್ಟಿಮೇಟ್ ಮಾಡಿಸಿ. ಸರ್ವೇಯರ್ ಬರುವ ಮೊದಲು ಮಾತ್ರ ಒಂದು ನಟ್ಟನ್ನೂ ಬಿಚ್ಚಲು ಬಿಡಬೇಡಿ. ಹಾಗೆ ಮಾಡಿದರೆ ಕ್ಲೇಮೇ ಜಗಳಕ್ಕೆ ಬೀಳುತ್ತದೆ.

ಹಣದ ಜಗಳವೂ ದಿನ ತಿನ್ನುತ್ತದೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿ 50% ಸವಕಳಿ ಕಡಿಯುತ್ತದೆ. ₹40,000ದ ಬಂಪರಿಗೆ ₹20,000 ನಿಮ್ಮ ಕಿಸೆಯಿಂದ. ಸವಕಳಿ ಇಲ್ಲದ ಆಡ್-ಆನ್ ಇದ್ದರೆ ಈ ಚೌಕಾಶಿಯೇ ಇರುವುದಿಲ್ಲ. ದೊಡ್ಡ ಅಪಘಾತವಾದರೆ ಇನ್ನೊಂದು ಲೆಕ್ಕ ಬರುತ್ತದೆ. ₹20 ಲಕ್ಷದ ಗಾಡಿಗೆ ಮೂರನೆಯ ವರ್ಷದಲ್ಲಿ 30% ಕಳೆದು ವಿಮಾ ಬೆಲೆ ₹14 ಲಕ್ಷ ಆಗುತ್ತದೆ. ರಿಪೇರಿ ಅದರ 75%, ಅಂದರೆ ₹10.5 ಲಕ್ಷ ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕುತ್ತಾರೆ. ಬ್ಯಾಟರಿ ಬದಲಿಸಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ ಗಾಡಿಯನ್ನು ಈ ಗೆರೆಯ ಆಚೆ ತಳ್ಳಬಲ್ಲದು. ಅದಕ್ಕೇ ಆ ಪ್ರಶ್ನೆಗೆ ಉತ್ತರ ಬರುವತನಕ ಯಾರೂ ಸ್ಪ್ಯಾನರ್ ಹಿಡಿಯುವುದಿಲ್ಲ.

ಈಗ ಪಾರ್ಟು. ಹೆಸರಾದ ಹಳೆ ಕಂಪನಿಯ ಚಿಕ್ಕ ಕಾರಿನ ಬಂಪರ್ ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಲ್ಲಿ ಕೇಳಿದ ಕೂಡಲೆ ಸಿಗುತ್ತದೆ. ಕಂಪನಿಯ ಮಾಲು ಬೇಡವೆಂದರೆ ಬೇರೆಯವರು ಮಾಡಿದ್ದಿದೆ, ಅದೂ ಬೇಡವೆಂದರೆ ಗುಜರಿಯಲ್ಲಿದೆ. ಹೊಸ ವಿದ್ಯುತ್ ಗಾಡಿಯ ಕಂಪನಿಗೆ ಈ ಮೂರರಲ್ಲಿ ಎರಡು ದಾರಿ ಮುಚ್ಚಿವೆ. ಆ ಮಾದರಿಯ ಗಾಡಿ ಗುಜರಿ ಸೇರುವಷ್ಟು ಹಳತಾಗಿಲ್ಲ, ಬೇರೆಯವರು ಅಚ್ಚು ಹಾಕಿ ಬಂಪರ್ ತಯಾರಿಸುವಷ್ಟು ಗಾಡಿಗಳೂ ರಸ್ತೆಯಲ್ಲಿಲ್ಲ. ಉಳಿದದ್ದು ಕಂಪನಿಯ ಉಗ್ರಾಣ ಒಂದೇ. ಯಾವ ಭಾಗ ಎಷ್ಟು ಸಲ ಒಡೆಯುತ್ತದೆ ಎಂಬ ವರ್ಷಗಳ ಅನುಭವ ಅದಕ್ಕಿಲ್ಲ. ಎಷ್ಟು ಹೆಡ್‌ಲೈಟ್ ತರಿಸಿಡಬೇಕೆಂದು ಅಂದಾಜಿಗೆ ತರಿಸುತ್ತದೆ. ಹೊಸ ಗಾಡಿಗೆ ಬುಕಿಂಗ್ ಜೋರಾಗಿದ್ದರೆ ಅದೇ ಹೆಡ್‌ಲೈಟು ಮೊದಲು ಕಾರ್ಖಾನೆಯ ಸಾಲಿಗೆ ಹೋಗುತ್ತದೆ. ಗಾಡಿ ಹೊರದೇಶದ್ದಾದರೆ ಆರ್ಡರ್ ಗ್ಯಾರೇಜಿನಿಂದ ಇಲ್ಲಿಯ ಉಗ್ರಾಣಕ್ಕೆ, ಅಲ್ಲಿಂದ ಆ ದೇಶಕ್ಕೆ ಹೋಗಿ, ಮಾಲು ಹಡಗಿನಲ್ಲಿ ಬಂದು, ಕಸ್ಟಮ್ಸ್ ದಾಟಿ, ಲಾರಿ ಹತ್ತಬೇಕು. ಅದರಲ್ಲೇ ವಾರಗಳು ಹೋಗುತ್ತವೆ.

ಇದು ನಮ್ಮ ಕಡೆಯ ಗೋಳಷ್ಟೇ ಅಲ್ಲ. ಬ್ರಿಟನ್ನಿನ ಥ್ಯಾಚಮ್ ರಿಸರ್ಚ್ 2023ರಲ್ಲಿ ಲೆಕ್ಕ ಹಾಕಿದಾಗ ವಿದ್ಯುತ್ ಗಾಡಿಯ ಅಪಘಾತ ರಿಪೇರಿ ಪೆಟ್ರೋಲ್, ಡೀಸೆಲ್ ಗಾಡಿಗಳದಕ್ಕಿಂತ ಸುಮಾರು 25% ದುಬಾರಿ, 14% ಹೆಚ್ಚು ಸಮಯದ್ದು ಎಂದು ಕಂಡಿತು. ಕಂಪನಿಯೇ ಮುಳುಗಿದರೆ ಪಾಡು ಇನ್ನೂ ಕಷ್ಟ. ಅಮೆರಿಕದ ಫಿಸ್ಕರ್ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಗಾಡಿ ಕೊಂಡವರೇ ಸಂಘ ಕಟ್ಟಿಕೊಂಡು ಬಿಡಿಭಾಗ, ಸಾಫ್ಟ್‌ವೇರ್ ಹುಡುಕಬೇಕಾಯಿತು. ನಮ್ಮ ರಾಜ್ಯದ ಮೊದಲ ವಿದ್ಯುತ್ ಕಾರು, 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ರೇವಾ, ರಿಪೇರಿಯ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿತ್ತು. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇತ್ತು, ಸಣ್ಣ ಗುದ್ದಿಗೆ ತಗ್ಗು ಬೀಳುತ್ತಿರಲಿಲ್ಲ. ಇಂದಿನ ಗಾಡಿಗಳಲ್ಲಿ ಆ ಸರಳತೆ ಇಲ್ಲ. ಬಂಪರಿನ ಹಿಂದೆ ರಡಾರ್, ಗಾಜಿನ ಹಿಂದೆ ಕ್ಯಾಮೆರಾ ಕುಳಿತಿವೆ. ಅವನ್ನು ಬಿಚ್ಚಿ ಕೂರಿಸಿದ ಮೇಲೆ ಗುರುತಿನ ಫಲಕ ಎದುರಿಗಿಟ್ಟು ಲ್ಯಾಪ್‌ಟಾಪಿನಿಂದ ನೆಲೆ ಸರಿಪಡಿಸಬೇಕು, ಹೊಸ ಕಂಟ್ರೋಲ್ ಯೂನಿಟ್ಟನ್ನು ಚಾಸಿ ನಂಬರಿಗೆ ಜೋಡಿಸಬೇಕು. ಈ ಸಲಕರಣೆ ಎಲ್ಲ ಗ್ಯಾರೇಜಿನಲ್ಲಿ ಇರುವುದಿಲ್ಲ.

ಪಾರ್ಟಿನ ಪಾಳಿಯಲ್ಲಿ ನೀವು ಮಾಡಬಹುದಾದದ್ದು ಒಂದಿದೆ: ಆರ್ಡರಿನ ನಂಬರ್, ದಿನಾಂಕ, ಬಾಕಿ ಇರುವ ಭಾಗಗಳ ಪಟ್ಟಿ ಬರವಣಿಗೆಯಲ್ಲಿ ಕೇಳುವುದು. ನಾವು ನಲವತ್ತನೆಯ ದಿನ ಕೇಳಿದಾಗ ಹೆಡ್‌ಲೈಟಿನ ಆರ್ಡರನ್ನೇ ಹಾಕಿರಲಿಲ್ಲ ಎಂದು ಗೊತ್ತಾಯಿತು. ವಿಮೆಯ ಒಪ್ಪಿಗೆಯ ಕಾಗದ ಯಾರದೋ ಮೇಜಿನ ಮೇಲೆ ಬಿದ್ದಿತ್ತು. ಅಕ್ಕ ಅವತ್ತು ಅತ್ತಳು. ದಿನಾ ಸವದತ್ತಿಯ ಶಾಲೆಗೆ ಬಸ್ಸು ಬದಲಿಸಿ ಹೋಗುತ್ತಿದ್ದವಳು ಅವಳು, ಬ್ಯಾಂಕಿನ ಕಂತು ಮಾತ್ರ ತಪ್ಪದೆ ಕಟ್ ಆಗುತ್ತಿತ್ತು. ಗಾಡಿ ಗ್ಯಾರೇಜಿನಲ್ಲಿ ಇರುವ ದಿನಗಳಿಗೆ ದಿನಭತ್ಯೆ ಕೊಡುವ ಆಡ್-ಆನ್ ಒಂದಿದೆ. ಅದಕ್ಕೆ ದಿನಗಳ ಮಿತಿ ಇರುತ್ತದೆಯಾದರೂ ಹಳ್ಳಿಯಿಂದ ಊರಿಗೆ ದುಡಿಯಲು ಹೋಗುವವರಿಗೆ ಅದು ಬೇಕು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಬ್ಯಾಟರಿಯ ಪಾಳಿಯಲ್ಲಿ ಅವಸರ ಮಾಡಬಾರದು. ಅದು ಗಾಡಿಯ ಹೊಟ್ಟೆಯ ಕೆಳಗೆ ಅಗಲವಾಗಿ ಹಾಸಿಕೊಂಡಿರುತ್ತದೆ. ಮುಂದಿನ ಗುದ್ದಿನಲ್ಲಿ ಅದಕ್ಕೆ ಏನೂ ಆಗದಿರಬಹುದು, ಆದರೆ ಗುದ್ದಿದ ಗಾಡಿ ರಸ್ತೆ ಬಿಟ್ಟು ಎರೆಹೊಲದ ಬದುವಿಗೆ ಇಳಿದಿದ್ದರೆ ಕಲ್ಲು ತಾಗಿರುತ್ತದೆ. ತಿಳಿದ ತಂತ್ರಜ್ಞ ಮೊದಲು ಹೈವೋಲ್ಟೇಜ್ ಸಂಪರ್ಕ ಕಳಚುತ್ತಾನೆ, ಒಳಗೆ ಉಳಿದ ವಿದ್ಯುತ್ ಇಳಿಯುವತನಕ ಕಾಯುತ್ತಾನೆ, ಗಾಡಿಯ ಲೋಹದ ಮೈಗೆ ವಿದ್ಯುತ್ ಸೋರಿಕೆ ಇದೆಯೇ ಎಂದು ಇನ್ಸುಲೇಷನ್ ಪರೀಕ್ಷೆ ಮಾಡುತ್ತಾನೆ, ಸೆಲ್ಲುಗಳ ವೋಲ್ಟೇಜ್ ಒಂದೇ ಸಮ ಇದೆಯೇ ನೋಡುತ್ತಾನೆ. ಇದಕ್ಕೆ ತರಬೇತಿ ಆದವರೇ ಬೇಕು. ನಮ್ಮ ಗ್ಯಾರೇಜಿಗೆ ಅಂಥವನು ಬೆಂಗಳೂರಿನಿಂದ ಬರಬೇಕಾಯಿತು. ಬೇರೆ ಎರಡು ಗಾಡಿಗಳ ಕೆಲಸ ಕೂಡಿದ ಮೇಲೆ ಬಂದ, 11 ದಿನ ಹೋಯಿತು. ಬಣ್ಣ ಒಣಗಿಸುವ ಒಲೆಯ ಶಾಖಕ್ಕೂ ಕಂಪನಿ ಮಿತಿ ಹಾಕಿರುತ್ತದೆ, ಬ್ಯಾಟರಿ ಇರುವ ಗಾಡಿಯನ್ನು ಮನಬಂದಷ್ಟು ಕಾಯಿಸುವಂತಿಲ್ಲ. ಬೇಗ ಆಗಲೆಂದು ಪರಿಚಯದ ಗ್ಯಾರೇಜಿನಲ್ಲಿ ತಳ ಬಡಿಸಿ ನೇರ ಮಾಡಿಸಿದರೆ 8 ವರ್ಷದ ಬ್ಯಾಟರಿ ವಾರಂಟಿ ಕೈಬಿಟ್ಟು ಹೋಗಬಹುದು.

ತಿಂಗಳುಗಟ್ಟಲೆ ನಿಂತ ಗಾಡಿಯ ಚಾರ್ಜು ತಳಕ್ಕೆ ಇಳಿದರೂ ಬ್ಯಾಟರಿಗೆ ಕೇಡು. ಪರೀಕ್ಷೆಯಲ್ಲಿ ಬ್ಯಾಟರಿ ಸರಿಯಿದೆ ಎಂದಾದ ಮೇಲೆ ಅರ್ಧದಷ್ಟು ಚಾರ್ಜ್ ಇಡಲು, 12 ವೋಲ್ಟಿನ ಚಿಕ್ಕ ಬ್ಯಾಟರಿಯ ತಂತಿ ಕಳಚಲು ಗ್ಯಾರೇಜಿನವರಿಗೆ ಬರೆದು ಹೇಳಿ.

ಒಂದು ಪಾಳಿಯವರು ಅಲುಗದಿದ್ದರೆ ಯಾರ ಬಾಗಿಲು ತಟ್ಟಬೇಕೆಂಬುದು ಆ ಪಾಳಿಯ ಮೇಲೆಯೇ ನಿಂತಿದೆ. ವಿಮೆಯವರ ವಿಳಂಬವಾದರೆ ಮೊದಲು ಅವರದೇ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ₹50 ಲಕ್ಷದವರೆಗೆ ತೀರ್ಪು ಕೊಡಬಲ್ಲರು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾರ್ಟು, ಗ್ಯಾರೇಜಿನ ವಿಳಂಬ ಅವರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂತರ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಿಂದಾಗಿ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಈ ಎರಡೂ ಕಡೆ ಬೆಲೆ ಬರುವುದು ದಿನಾಂಕ ಇರುವ ಕಾಗದಕ್ಕೆ.

ಗಾಡಿ ಇನ್ನೂ ಕೊಂಡಿಲ್ಲದವರು ಶೋರೂಮಿನಲ್ಲಿ ಕೇಳಬೇಕಾದದ್ದು ರೇಂಜ್ ಒಂದನ್ನೇ ಅಲ್ಲ. ಈ ಗಾಡಿ ಗುದ್ದಿದರೆ ಪತ್ರಾ ಕೆಲಸ ಯಾವ ಊರಿನಲ್ಲಿ ಆಗುತ್ತದೆ, ಹೈವೋಲ್ಟೇಜ್ ಕಲಿತವನು ಅಲ್ಲೇ ಇದ್ದಾನೆಯೇ, ಬ್ಯಾಟರಿಯ ಪೆಟ್ಟಿಗೆ ತಗ್ಗು ಬಿದ್ದರೆ ರಿಪೇರಿಯೋ ಪೂರ್ತಿ ಬದಲಿಯೋ ಎಂದು ಕೇಳಿ. ಮಾರುವವನು ತಡವರಿಸಿದರೆ ಆ ಪತ್ರಾ ಕೆಲಸದ ಶೆಡ್ಡಿಗೇ ಹೋಗಿ, ಅಲ್ಲಿ ನಿಂತಿರುವ ಗಾಡಿಗಳ ಮೇಲಿನ ಧೂಳು ನೋಡಿ ಬನ್ನಿ. ವಿದ್ಯುತ್ ಗಾಡಿ ಬೇಡ ಎನ್ನುವವನು ನಾನಲ್ಲ. ಮಾಮಾ ಈಗಲೂ ಅದನ್ನೇ ಓಡಿಸುತ್ತಾರೆ, ತಿಂಗಳ ಖರ್ಚು ಪೆಟ್ರೋಲಿನದಕ್ಕಿಂತ ಎಷ್ಟೋ ಕಡಿಮೆ. ಆದರೆ ರಾಮದುರ್ಗದಲ್ಲಿ ಮನೆ, ಹೊಲ, ಒಂದೇ ಗಾಡಿ ಇರುವವರು ನೂರು ಕಿಲೋಮೀಟರಿನೊಳಗೆ ಪತ್ರಾ ಕೆಲಸದ ಶೆಡ್ ಇಲ್ಲದ ಕಂಪನಿಯ ಗಾಡಿಯನ್ನು ಸದ್ಯ ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ.

ಗಾಡಿ ಬಿಡಿಸಿಕೊಳ್ಳುವ ದಿನ ಬಣ್ಣದ ಹೊಳಪಿಗೆ ಮರುಳಾಗದೆ ಇನ್ಸುಲೇಷನ್ ಪರೀಕ್ಷೆಯ ವರದಿ, ಕ್ಯಾಮೆರಾ-ರಡಾರ್ ಸರಿಪಡಿಸಿದ ಕಾಗದ, ಬದಲಿಸಿದ ಭಾಗಗಳ ಬಿಲ್ಲು ಕೈಗೆ ತೆಗೆದುಕೊಳ್ಳಿ. ಲಿಫ್ಟಿನ ಮೇಲೆ ಎತ್ತಿಸಿ ತಳದ ಹೊದಿಕೆಯ ಸ್ಕ್ರೂ ಎಲ್ಲ ಇವೆಯೇ ನೋಡಿ. ನಮ್ಮ ಗಾಡಿಯಲ್ಲಿ ನಾಲ್ಕು ಇರಲಿಲ್ಲ. ಅಲ್ಲೇ ನಿಂತು ಹಾಕಿಸಿಕೊಂಡು ಬಂದೆವು. ಚಾರ್ಜಿಗೆ ಹಾಕಿ ಅರ್ಧ ತಾಸು ಕಾದು, ದೀಪ ಎಲ್ಲಿಗೆ ಬೀಳುತ್ತದೆಂದು ಕತ್ತಲಲ್ಲಿ ಒಮ್ಮೆ ನೋಡಿ, ಆಮೇಲೆ ಸಹಿ ಹಾಕಿ.