ಹುಟ್ಟಿದವರೆಷ್ಟು, ಉಳಿದವರೆಷ್ಟು?

ಪುಣೆಯಲ್ಲಿ ಕೂತು ಡಬ್ಲಿನ್ ತಂಡದ ಜತೆ ಕೆಲಸ ಮಾಡುತ್ತೇನೆ. ಅಲ್ಲಿನ ಸಹೋದ್ಯೋಗಿಯೊಬ್ಬರು ತಮ್ಮ ವಂಶಾವಳಿ ಹುಡುಕುತ್ತಿದ್ದಾರೆ. ಸುಲಭವಲ್ಲ, 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಭಂಡಾರ ಸುಟ್ಟು, ಶತಮಾನಗಳ ಕಾಗದ ಬೂದಿಯಾಯಿತು. ಪೂರ್ತಿ ಸಿಗುವ ಅತಿ ಹಳೆಯ ಜನಗಣತಿ 1901ರದು, ಆಮೇಲೆ 1911ರದು. ಎರಡೂ ಆನ್‌ಲೈನ್‌ನಲ್ಲಿ ಉಚಿತ. ಮನೆಯ ಗೋಡೆ, ಚಾವಣಿ, ಮುಂದಿನ ಕಿಟಕಿ, ದನದ ಕೊಟ್ಟಿಗೆ ಎಲ್ಲದರ ಲೆಕ್ಕ ಅಲ್ಲಿದೆ. 1911ರಲ್ಲಿ ವಿವಾಹಿತೆಯರಿಗೆ ಇನ್ನೊಂದು ಪ್ರಶ್ನೆ: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು?

ಆ ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜಿಗೂ ಅದನ್ನೇ ಕೇಳಿದೆ.

‘ಏಳು ಹಡದೆ, ನಾಕು ಉಳದ್ವು ನೋಡಪ್ಪಾ.’

ನನಗೆ ಗೊತ್ತಿದ್ದದ್ದು ನಾಲ್ವರೇ. ಉಳಿದ ಮೂವರ ಹೆಸರು ಹೇಳಿದಳು, ಬರೆದುಕೊಂಡೆ. ಹಬ್ಬಕ್ಕೆ ಊರಿಗೆ ಹೋದಾಗ ನೀವೂ ಕೇಳಿ. ಅಜ್ಜಿಯ ನೆನಪು ಬಿಟ್ಟರೆ ಆ ಹೆಸರುಗಳು ಬೇರೆಲ್ಲೂ ಇಲ್ಲ.