ಪೊಟ್ಟಣಕ್ಕೆ ಅಂಟಿದ ವಿಳಾಸ

ಸೂರತ್‌ನ ಮಹಿಧರಪುರದಲ್ಲಿ ವಜ್ರದ ವ್ಯಾಪಾರ ಬೀದಿಯಲ್ಲೇ ನಡೆಯುತ್ತದೆ. ಕಾಗದದ ಪೊಟ್ಟಣ ಬಿಚ್ಚಿ, ಹರಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಮಡಚುತ್ತಾರೆ. ಅಹಮದಾಬಾದಿಗೋ ಮುಂಬೈಗೋ ಹೋಗಬೇಕಾದ ಪೊಟ್ಟಣ ಆಂಗಡಿಯಾಗಳ ಕೈ ಸೇರುತ್ತದೆ. ಹೆಸರು ಕೇಳಿದರೆ ನಮಗೆ ಅಂಗಡಿ ನೆನಪಾಗಬಹುದು. ಆದರೆ ಇವರು ಅಂಗಡಿಯವರಲ್ಲ, ಬರೀ ನಂಬಿಕೆಯ ಮೇಲೆ ಬೆಲೆಬಾಳುವ ಮಾಲು ಸಾಗಿಸುವವರು.

ಜೀವಕೋಶದೊಳಗೂ ಇಂಥ ಸಾಗಾಟವಿದೆ. ಆದರೆ ಅಲ್ಲಿ ವಿಳಾಸ ಬರೆಯುವ ಗುಮಾಸ್ತನಿಲ್ಲ. ಮಾಲೇ ತನ್ನ ವಿಳಾಸವನ್ನು ಹೊತ್ತು ಹುಟ್ಟುತ್ತದೆ.

ಈ ಸಾಗಾಟದ ಹಾದಿಯನ್ನು ಮೊದಲು ಗುರುತಿಸಿದವರು ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜಾರ್ಜ್ ಪಲಾಡೆ. 1960ರ ದಶಕದಲ್ಲಿ ಅವರು ಮತ್ತು ಜೇಮ್ಸ್ ಜೇಮಿಸನ್, ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ತೆಳು ಚೂರುಗಳಿಗೆ ವಿಕಿರಣ ಸೂಸುವ ಅಮೈನೊ ಆಮ್ಲವನ್ನು ಮೂರೇ ನಿಮಿಷ ಉಣಿಸಿದರು. ಆಮೇಲೆ ಕಾದರು. ಗುರುತು ಹತ್ತಿದ ಹೊಸ ಪ್ರೋಟೀನ್ ಮೊದಲು ಕಂಡದ್ದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಜಾಲಿಕೆಯಲ್ಲಿ. ಸುಮಾರು 20 ನಿಮಿಷದ ಹೊತ್ತಿಗೆ ಅದು ಕೋಶದ ಗಾಲ್ಗಿ ಎಂಬ ಭಾಗದಲ್ಲಿತ್ತು. ಎರಡು ಗಂಟೆ ಕಳೆಯುವಷ್ಟರಲ್ಲಿ ಹೊರಬೀಳಲು ಸಿದ್ಧವಾದ ಕಣಗಳಲ್ಲಿ. ಬಸ್ಸಿನ ಟಿಕೆಟ್ ನೋಡಿ ಪಯಣ ಹೇಳುವಂತೆ ದಾರಿಯೇನೋ ಗೊತ್ತಾಯಿತು. ಆದರೆ ಯಾವ ಪ್ರೋಟೀನ್ ಬಸ್ಸು ಹತ್ತಬೇಕು, ಯಾವುದು ಊರಲ್ಲೇ ಉಳಿಯಬೇಕು ಎಂದು ತೀರ್ಮಾನಿಸುವವರು ಯಾರು?

1971ರಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಾಟಿನಿ ಒಂದು ಊಹೆ ಮುಂದಿಟ್ಟರು: ಪ್ರೋಟೀನಿನ ತುದಿಯಲ್ಲೇ ಒಂದು ಸಂಕೇತವಿರಬೇಕು. ಆಗ ಅದಕ್ಕೆ ಪುರಾವೆಯಿರಲಿಲ್ಲ. ಮರುವರ್ಷ ಸೀಸರ್ ಮಿಲ್‌ಸ್ಟೈನ್ ಬಳಗಕ್ಕೆ ಪ್ರತಿಕಾಯದ ಒಂದು ಎಳೆ ತಯಾರಾಗುವಾಗ ಇರಬೇಕಾದ್ದಕ್ಕಿಂತ ತುಸು ಉದ್ದವಾಗಿರುವುದು ಕಂಡಿತು. ಆ ಹೆಚ್ಚಿನ ತುಣುಕೇ ವಿಳಾಸದ ಚೀಟಿ. ಅದೇ 1972ರ ಆಗಸ್ಟ್ 15ರಂದು ನಮ್ಮ ಅಂಚೆ ಇಲಾಖೆಯೂ ಪಿನ್‌ಕೋಡ್ ಜಾರಿಗೆ ತಂದಿತು ಎಂಬುದು ಬರೀ ಕಾಕತಾಳೀಯ, ಆದರೂ ನೆನೆದರೆ ಖುಷಿಯಾಗುತ್ತದೆ. 1975ರಲ್ಲಿ ಬ್ಲೋಬೆಲ್ ಮತ್ತು ಡಾಬರ್‌ಸ್ಟೈನ್ ಆ ಊಹೆಯನ್ನು ಪ್ರಯೋಗದಿಂದ ಗಟ್ಟಿ ಮಾಡಿದರು. 1999ರ ನೊಬೆಲ್ ಬ್ಲೋಬೆಲ್ ಪಾಲಾಯಿತು.

ಊಹೆ ಹುಟ್ಟಿದ ಆ 1971ರಲ್ಲೇ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಪದವಿ ಪಡೆದು ಹೊರಬಿದ್ದ ಹುಡುಗ ವೆಂಕಿ ರಾಮಕೃಷ್ಣನ್. ಜೀವವಿಜ್ಞಾನದ ಕಡೆ ಹೊರಳಿದ್ದು ಆಮೇಲೆ. ಪ್ರೋಟೀನ್ ಹೆಣೆಯುವ ಮಗ್ಗವಾದ ರೈಬೋಸೋಮ್‌ನ ರಚನೆಯನ್ನು ಬಿಡಿಸಿದ್ದಕ್ಕೆ 2009ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಚೀಟಿ ಮೊದಲು ಹೊರಗೆ ತಲೆ ಹಾಕುವುದು ಇದೇ ಮಗ್ಗದಿಂದ. ತಲೆ ಹಾಕಿದ ಕೂಡಲೇ ಮಗ್ಗವನ್ನೇ ಜಾಲಿಕೆಯ ಬಾಗಿಲಿಗೆ ಎಳೆದೊಯ್ಯುತ್ತಾರೆ ಕೋಶದ ಹಮಾಲಿಗಳು. ಅಲ್ಲಿಂದ ಮುಂದೆ ಪೊಟ್ಟಣಗಳಂಥ ಗುಳ್ಳೆಗಳದೇ ಓಡಾಟ. ಅದನ್ನು ಬಿಡಿಸಿದವರು ರ‍್ಯಾಂಡಿ ಶೆಕ್‌ಮನ್, ಜೇಮ್ಸ್ ರಾಥ್‌ಮನ್ ಮತ್ತು ಥಾಮಸ್ ಸ್ಯೂಡಾಫ್ (ನೊಬೆಲ್, 2013). ಶೆಕ್‌ಮನ್ ನಂಬಿದ್ದು ಬ್ರೆಡ್ ಹುದುಗಿಸುವ ಯೀಸ್ಟನ್ನು: ಒಂದು ಜೀನ್ ಕೆಟ್ಟರೆ ಸಾಗಾಟ ನಿಂತು ಕೋಶದ ತುಂಬ ಗುಳ್ಳೆಗಳು ರಾಶಿ ಬೀಳುತ್ತಿದ್ದವು.

ಇದೇ ವಿಳಾಸದ ಚೀಟಿಯನ್ನು ಕೋವಿಡ್ ಲಸಿಕೆಯೊಂದು ಬಳಸಿಕೊಂಡಿತು. ಅಹಮದಾಬಾದಿನ ಝೈಡಸ್ ಕಂಪನಿಯ ಆ ಝೈಕೋವ್-ಡಿ ಲಸಿಕೆಗೆ ತುರ್ತು ಬಳಕೆಯ ಅನುಮತಿ ಸಿಕ್ಕಿದ್ದು 2021ರ ಆಗಸ್ಟ್ 20ರಂದು. ಮನುಷ್ಯರಿಗೆಂದು ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಸೂಜಿಯಿಲ್ಲ, ಮೂರು ಡೋಸ್. ತಡವಾಗಿ ಬಂತು, ಅಷ್ಟರಲ್ಲಿ ನಮ್ಮಲ್ಲಿ ಬಹುಪಾಲು ಮಂದಿ ಕೋವಿಶೀಲ್ಡ್ ಇಲ್ಲವೇ ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದರು. ಆದರೆ ಅದರ ಒಳಗಿನ ಕೈಚಳಕ ಗಮನಿಸುವಂಥದ್ದು. ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನ ಜೀನ್‌ಗೆ ವಿಜ್ಞಾನಿಗಳು ಐಜಿಇ ಎಂಬ ನಮ್ಮದೇ ಪ್ರತಿಕಾಯದ ವಿಳಾಸದ ಚೀಟಿಯನ್ನು ಜೋಡಿಸಿದರು. ಅಲರ್ಜಿಯಾದಾಗ ಸೀನಿಸುವ ಪ್ರತಿಕಾಯವೇ ಅದು! ಅದರ ಚೀಟಿ ಕಂಡರೆ ಕೋಶ ಮಾಲನ್ನು ಜಾಲಿಕೆಯ ದಾರಿಗೆ ಹತ್ತಿಸುತ್ತದೆ.

ಹೀಗೆ ಡಿಎನ್‌ಎ ಕೋಶಕೇಂದ್ರ ಸೇರಿ, ಆರ್‌ಎನ್‌ಎ ಆಗಿ ಹೊರಬಂದು, ಮಗ್ಗ ತಲುಪಿ, ಜಾಲಿಕೆ ದಾಟಿ, ಗಾಲ್ಗಿಯಲ್ಲಿ ಸಿಂಗಾರಗೊಂಡು, ಸ್ಪೈಕ್ ಕೋಶದ ಹೊರಮೈಗೆ ಬರುತ್ತದೆ. ಅಲ್ಲಿ ದೇಹದ ಕಾವಲುಗಾರರು ಅದನ್ನು ನೋಡಿ ಗುರುತಿಟ್ಟುಕೊಳ್ಳುತ್ತಾರೆ. ಐಜಿಇಯ ಚೀಟಿ ಮಾತ್ರ ಅಲ್ಲಿರುವುದಿಲ್ಲ. ಜಾಲಿಕೆಯ ಬಾಗಿಲಲ್ಲೇ ಒಂದು ಕಿಣ್ವ ಅದನ್ನು ಕತ್ತರಿಸಿ ಹಾಕಿರುತ್ತದೆ.